ಒಂಬತ್ತನೇ ಕಲಂ

ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದೆ ನಮ್ಮ ಆಫೀಸು.
ಕಿಟಕಿ ತೆರೆದರೆ ಬಂಗುಡೆ ವಾಸನೆ,
ಮುಚ್ಚಿದರೆ ಹಳೇ ಕಡತಗಳದು.

ನೋಂದಣಿ ನವೀಕರಣದ ಅರ್ಜಿ, ಒಂಬತ್ತನೇ ಕಲಂ:
ಕಳೆದ ವರ್ಷದ ಸಾಧನೆ, ಅಂಕಿಗಳಲ್ಲಿ.
ಸೆವೆರಿನಾ ಪೆನ್ನು ಕಚ್ಚುತ್ತಾಳೆ.
ದುಡ್ಡು ಬರುವ ಖಾತೆ ಮಾರ್ಚಿನಿಂದ ಮಲಗಿದೆ.
ಮೊನ್ನೆ ಬಾಡಿಗೆ ಕಟ್ಟಿ ಬಂದಳು,
ಕೈಯಲ್ಲಿ ಬಳೆಯಿರಲಿಲ್ಲ. ನಾನು ಕೇಳಲಿಲ್ಲ.

ಏನಂತ ಬರೆಯೋಣ?
ಗುಡ್ಡದ ಗುಡಿಸಲುಗಳಿಗೆ ಜೆಸಿಬಿ ಬಂದ ಬೆಳಿಗ್ಗೆ
ನೋಟೀಸು ಇಂಗ್ಲಿಷಿನಲ್ಲಿತ್ತು.
ಹದಿನೆಂಟು ವರ್ಷ ಈ ಊರಿನ ಗೋಡೆಗಳಿಗೆ
ಗಾರೆ ಹೊತ್ತ ಹುಲಿಗೆವ್ವನಿಗೆ
ಅವಳ ಭಾಷೆಯಲ್ಲೇ ಓದಿ ಹೇಳಿದೆ:
ಏಳು ದಿನ ಅಂತ ಇದೆ, ಇವತ್ತು ಮೂರನೆಯದು.

ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ
ಸಾಹೇಬರ ಮೂಗಿನ ಮುಂದೆ ಬೆರಳು ಮಡಚಿದಳು:
'ಇನ್ನಾ ನಾಕ್ ದಿನ ನಮ್ಮವದಾವ್ರೀ.'

ಜೆಸಿಬಿ ಹಿಂದಕ್ಕೆ ಹೋಯಿತು.
ಐದನೇ ದಿನ ಮತ್ತೆ ಬಂತು, ಗುಡಿಸಲು ಹೋಯಿತು.
ಅಷ್ಟರಲ್ಲಿ ತಗಡು ಬಿಚ್ಚಿ ಕಟ್ಟಿಟ್ಟಿದ್ದಳು,
ಮಗಳು ಗಣಿತ, ವಿಜ್ಞಾನ ಎರಡೂ ಬರೆದು ಬಂದಿದ್ದಳು,
ಪಕ್ಕದ ಓಣಿಯ ಹನ್ನೊಂದು ಹೆಂಗಸರು
ತಮ್ಮ ತಮ್ಮ ನೋಟೀಸು ಹಿಡಿದು
ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು.

ಸೆವೆರಿನಾ ಬರೆದಳು: ನಾಲ್ಕು.
ಏನು ನಾಲ್ಕು ಅಂತ ಬರೆಯಲು
ಆ ಚೌಕದಲ್ಲಿ ಜಾಗವಿರಲಿಲ್ಲ.