ಹನ್ನೊಂದು ಸೆಕೆಂಡು

ಟೊಲೀಡೊದ ಗಾಜಿನ ಕಾರ್ಖಾನೆ ಗೇಟಿನೆದುರು
ವೆರೋನಾ ಹ್ರುಷ್ಕಾ ನಲವತ್ತು ನಿಮಿಷ ಮಾತಾಡಿದಳು.
ಒಪ್ಪಂದದ ಕರಡು ಕೈಯಲ್ಲೇ ಇತ್ತು,
ಕಾರ್ಮಿಕರ ಅಧ್ಯಾಯಕ್ಕೆ ಬಸ್ ಟಿಕೇಟಿನ ಗುರುತು.
'ಪ್ವೆಬ್ಲಾದಲ್ಲಿ ಇದೇ ಕುಲುಮೆ ಕಾಯುವವಳಿಗೂ
ಸಂಘ ಕಟ್ಟಲು ಬಿಡಿ, ಆಮೇಲೆ ಗಡಿ ತೆರೆಯಿರಿ,
ನನಗೇನು ಅವಳ ಮೇಲೆ ಹಗೆಯೆ?' ಅಂದಳು.
ಕೆಮ್ಮಿದಳು. ನೀರು ಕೇಳಿದಳು.

ರಾತ್ರಿ ಎಡಿಟಿಂಗ್ ಕೋಣೆಯಲ್ಲಿ ಕತ್ತರಿ ನನ್ನದು.
ಉಳಿದದ್ದು ಹನ್ನೊಂದು ಸೆಕೆಂಡು:
ಎತ್ತಿದ ಮುಷ್ಟಿ, ಹಿಂದೆ ಯಾರದೋ ಸೀಟಿ,
ಕೆಳಗೆ ಪಟ್ಟಿ: 'ವ್ಯಾಪಾರಕ್ಕೆ ಸಂಘದ ಅಡ್ಡಗಾಲು'.
ಅರ್ಥಶಾಸ್ತ್ರಜ್ಞನಿಗೆ ಕುರ್ಚಿ, ಹೆಸರು, ನಾಲ್ಕು ನಿಮಿಷ.
ಅವಳ ಹೆಸರು? ಪಟ್ಟಿಯಲ್ಲಿ ಜಾಗ ಸಾಲಲಿಲ್ಲ.

ಮುಷ್ಟಿಯೂ ಅಲ್ಲ ಅದು, ನಿಜ ಹೇಳುತ್ತೇನೆ.
ಬಸ್ಸು ಬಂತೆಂದು ಕೈ ಎತ್ತಿದ್ದಳು,
ಮಡಿಸಿದ ಬೆರಳಲ್ಲಿ ಆ ಟಿಕೇಟು.