ಸರಿ

ಬಿಣಗಾದ ಗುಡ್ಡದ ಬುಡಕ್ಕೆ, ಹೆದ್ದಾರಿಗೆ ಬೆನ್ನು ಹಾಕಿ
ನಮ್ಮ ಗೋದಾಮು. ಮೇಲೆ ನೀಲಿ ಶೀಟು,
ಒಳಗೆ ಭಟ್ಕಳದ ತನಕದ ಅಂಗಡಿಗಳ
ಸೋಪು, ಶಾವಿಗೆ, ಬಕೆಟ್ಟು, ಸೊಳ್ಳೆಬತ್ತಿ.

ಫೋರ್ಕ್‌ಲಿಫ್ಟು ಹಿಂದೆ ಬರುವಾಗ ಕೂಗಬೇಕಾದ ಹಾರ್ನು
ದೀಪಾವಳಿಗೆ ಮೊದಲೇ ಸತ್ತಿತ್ತು.
ಹುಬ್ಬಳ್ಳಿಯಿಂದ ಬರಬೇಕು, ಅಂದರು.
ಅಲ್ಲಿಯ ತನಕ ಹಮ್ಮು ಗೌಡನೇ ಹಾರ್ನು.
ಕತ್ತು ಹಿಂದೆ ತಿರುಗಿಸಿ, ಸರಿ ಸರಿ ಸರಿ ಅನ್ನುತ್ತ
ಗಾಡಿ ತರುತ್ತಿದ್ದ.
ಗದ್ದೆಯಲ್ಲಿ ಎತ್ತಿಗೆ ಆಡುವ ಅದೇ ದನಿ.
ನಾವೂ ಎತ್ತಿನ ಹಾಗೇ ಸರಿದೆವು.

ತಿಂಗಳಿಗೊಮ್ಮೆ ತಪಾಸಣೆಯ ಹಾಳೆ.
ತುಂಬುವುದು ನಾನು.
ಬ್ರೇಕು: ಸರಿ.
ಸರಪಳಿ: ಸರಿ.
ಕನ್ನಡಿ: ಒಡೆದಿದೆ, ಆದರೂ ಅರ್ಧ ಕಾಣುತ್ತದಲ್ಲ, ಸರಿ.
ರಿವರ್ಸ್ ಹಾರ್ನು
ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು.
ಆಚೆಯಿಂದ ಹಮ್ಮುವಿನ ದನಿ ಬರುತ್ತಿತ್ತು.
ಅವನು ಅಂದದ್ದನ್ನೇ ಬರೆದೆ.

ಆ ಮಂಗಳವಾರ ಅವನಿಗೆ ಗಂಟಲು ಕಟ್ಟಿತ್ತು.
ರಜೆ ಕೇಳಿದ್ದ. ಸಂಕ್ರಾಂತಿಯ ಆಫರು,
ಬಾಗಿಲಲ್ಲಿ ನಾಲ್ಕು ಲಾರಿ.
ಬಾಯಿ ಆಡಿತು, ದನಿ ಹೊರಡಲಿಲ್ಲ.
ಪುರ್ಸು ತಾಂಡೇಲ ಬಗ್ಗಿ ಎಣ್ಣೆಯ ಡಬ್ಬ ಎಣಿಸುತ್ತಿದ್ದ,
ಹದಿನೇಳಕ್ಕೆ ನಿಂತಿತು.

ಬೈತಖೋಲದ ಟ್ರಾಲರಿನಲ್ಲಿ ಇಪ್ಪತ್ತು ವರ್ಷ ದುಡಿದವ.
ಹಗ್ಗದ ಸುರುಳಿಯೊಳಗೆ ಕಾಲಿಡುವ ಹುಡುಗರಿಗೆ
ಬೈದು, ಒಮ್ಮೆ ಹೊಡೆದೂ, ಕಲಿಸಿದವ.
ಸಾಕು, ದಡಕ್ಕೆ ಬಾ ಎಂದವಳು ಹೆಂಡತಿ.

ಹಾರ್ನು ಗುರುವಾರ ಬಂತು.
ಅಂಗೈಯಷ್ಟಗಲ. ಇನ್ನೂರ ಎಂಬತ್ತು ರೂಪಾಯಿ.
ಬಿಲ್ಲಿಗೆ ನನ್ನದೇ ಸಹಿ.
ಹಮ್ಮು ಈಗ ಗಾಡಿ ಹತ್ತುವುದಿಲ್ಲ,
ಕೇಳಿದರೆ ಗಂಟಲು ಮುಟ್ಟಿ ತೋರಿಸುತ್ತಾನೆ.
ವಾಸಿಯಾಗಿ ಹದಿನೈದು ದಿನವಾಯಿತು.

ಆಸ್ಪತ್ರೆಗೆ ಹೋದೆ. ಎಡಗಡೆ ಹೊದಿಕೆ
ಮೊಣಕಾಲಿನಿಂದಾಚೆ ಚಪ್ಪಟೆ.
ಕೂತ್ಕೊಳ್ಳಿ ಎಂದು ಪುರ್ಸು ಜಾಗ ಬಿಟ್ಟು ಸರಿದ.
ಮೊದಲು ಮೊಣಕೈ, ಆಮೇಲೆ ಸೊಂಟ,
ಆಮೇಲೆ ಇದ್ದ ಕಾಲು.
ಅಷ್ಟು ಹೊತ್ತೂ ನಾನು ನಿಂತೇ ಇದ್ದೆ.

‘ಆ ಎಣ್ಣೆ ಡಬ್ಬ, ಕಡೆಗೆ ಎಷ್ಟಾಯ್ತು?’

ಇಪ್ಪತ್ತನಾಲ್ಕು, ಅಂದೆ.
ಎಣಿಸಿರಲಿಲ್ಲ.