ಜೀವ ಮೂವತ್ತೆಂಟು

ಟಾಂಪೆರೆ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ.
ನವೆಂಬರಿನ ಕೊನೆ, ಮೂರೂವರೆಗೇ ಕತ್ತಲು.
ಚೈನಿನ ಎಣ್ಣೆಯ ವಾಸನೆ, ಹೀಟರಿನ ಮೇಲೆ ಒದ್ದೆ ಸಾಕ್ಸು,
ನಕ್ಷೆಯ ಮೇಲೆಲ್ಲ ಏಲಕ್ಕಿ ಬನ್ನಿನ ಪುಡಿ,
ಇಪ್ಪತ್ತು ಮುಖದ ದಾಳ.

ಅಲ್ಲಿಯವರೆಗೆ ಜೀವವೆಂದರೆ ನಮಗೆ ಒಂದು ಅಂಕಿ.
ನನ್ನ ಕಳ್ಳಿಗೆ ಮೂವತ್ತೆಂಟು.
ರಾಕ್ಷಸ ಗದೆ ಬೀಸಿದನೋ, ಹದಿನೇಳು ಕಳೆ,
ಉಳಿದದ್ದು ಇಪ್ಪತ್ತೊಂದು. ಪೆನ್ಸಿಲು, ರಬ್ಬರು, ಅಷ್ಟೆ.
ಒಂದು ರಾತ್ರಿ ನಿದ್ದೆ ಹೊಡೆದರೆ
ಬೆಳಿಗ್ಗೆ ಮತ್ತೆ ಮೂವತ್ತೆಂಟು,
ಹಾಲು ಕುಡಿದು ಮಲಗಿ ಎದ್ದ ಮಗುವಿನ ಹಾಗೆ.
ಒಂದೇ ಒಂದು ಉಳಿದಿದ್ದರೂ ಓಡುತ್ತಿದ್ದೆವು, ಗೋಡೆ ಹಾರುತ್ತಿದ್ದೆವು.
ಸೊನ್ನೆಯಾದರೆ ಮಾತ್ರ
ದೊಪ್ಪನೆ.

ಆ ಗುರುವಾರ ಔಲಿಕ್ಕಿ ತಡವಾಗಿ ಬಂದಳು,
ಆಂಬುಲೆನ್ಸಿನ ಪಾಳಿ ಮುಗಿಸಿ, ಅದೇ ಹಳದಿ ಜಾಕೆಟ್ಟಿನಲ್ಲಿ.
ಆಟ ನಡೆಸುವವಳು ಅವಳು;
ಅಲ್ಲಿನ ದೇವರೂ ದೆವ್ವವೂ ಹವಾಮಾನವೂ ಅವಳೇ.
ಏನಾಯಿತೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಅಂಗಡಿಯ ಕತ್ತರಿ ತಂದು
ಪ್ರತಿಯೊಬ್ಬರ ಹಾಳೆಯಿಂದ ಜೀವದ ಚೌಕವನ್ನು
ಕತ್ತರಿಸಿ ತೆಗೆದಳು.
'ಇನ್ನು ಕಳೆಯೋ ಲೆಕ್ಕ ಇಲ್ಲ.
ಏಟು ಎಲ್ಲಿ ಬಿತ್ತು, ಅದನ್ನ ಬರೀರಿ.'

ಮೊದಲು ಬರೆದವನು ಸಂಪ್ಸ: 'ಎಡ ಮೊಣಕಾಲು.'
ಮುಂದಿನ ವಾರವೂ ಅದು ಅಲ್ಲೇ ಇತ್ತು.
ಅದರ ಮುಂದಿನ ವಾರವೂ.
ಅವನ ಸರದಾರ ಮೆಟ್ಟಿಲು ಕಂಡರೆ ನಿಲ್ಲುತ್ತಿದ್ದ;
ನಾವೂ ನಿಲ್ಲುತ್ತಿದ್ದೆವು.
ಮೂರು ದಿನದ ದಾರಿ ಆರು ದಿನವಾಗಿ
ರೊಟ್ಟಿ ತೀರಿತು,
ಘಟಸರ್ಪದ ಚಿನ್ನವನ್ನು ಇನ್ಯಾರೋ ಹೊತ್ತುಕೊಂಡು ಹೋದರು.
'ಮನೇಲಿ ಅಮ್ಮನ ಸೊಂಟ, ಇಲ್ಲಿ ಇದು,' ಸಂಪ್ಸ ರೇಗಿದ,
'ನಾನು ಇಲ್ಲಿಗೆ ಬರೋದೇ ಗೋಡೆ ಹಾರೋದಕ್ಕೆ!'
ಅದೂ ಸುಳ್ಳಲ್ಲ.

ವೇಯ್ಕೊ ಮಾತಾಡುವವನಲ್ಲ.
ಕಾಗದದ ಗಿರಣಿಯಲ್ಲಿ ಮೂವತ್ತು ವರ್ಷ,
ಬಲಗೈಯಲ್ಲಿ ಎರಡು ಬೆರಳು ಕಡಿಮೆ.
ದಾಳವನ್ನು ಅಂಗೈಯಿಂದ ಜಾರಿಸಿ ಬಿಡುತ್ತಾನೆ,
ಅದು ಸದಾ ಮೇಜಿನ ಕೆಳಗೆ ಉರುಳುತ್ತದೆ, ನಾವು ಹುಡುಕುತ್ತೇವೆ.
ಆ ದಿನ ಸಂಪ್ಸನ ಹಾಳೆ ಎಳೆದುಕೊಂಡು
ಮೊಣಕಾಲಿನ ಕೆಳಗೆ ಸಣ್ಣಗೆ ಬರೆದ:
'ಹಿಮ ಬೀಳುವುದು ಒಂದು ದಿನ ಮೊದಲೇ ಇದಕ್ಕೆ ಗೊತ್ತಾಗುತ್ತದೆ.'
ಔಲಿಕ್ಕಿ ಓದಿದಳು. ಜಾಕೆಟ್ಟು ಬಿಚ್ಚಿ ಕುರ್ಚಿಗೆ ಹಾಕಿದಳು.
'ಆಯ್ತು,' ಎಂದಳು, 'ಅದೂ ನಿಯಮ.'

ಕಣಿವೆಯ ಬಾಯಲ್ಲಿ ಮೊನ್ನೆ
ಯಾರೂ ದಾಳ ಎತ್ತುವ ಮೊದಲೇ ಸಂಪ್ಸ ಮೊಣಕಾಲು ತಿಕ್ಕಿಕೊಂಡ,
ಸರದಾರನದೋ ತನ್ನದೋ.
'ನಾಳೆ ಬೀಳತ್ತೆ,' ಎಂದ.
ನನ್ನ ಕಳ್ಳಿ ಸೌದೆ ಆರಿಸಲು ಹೋದಳು.

ಅವಳಿಗೆ ಇನ್ನೂ ಏಟು ಬಿದ್ದಿಲ್ಲ.
ಹಾಳೆಯಲ್ಲಿ ಬರೀ ಆ ಚೌಕದ ತೂತು,
ಅದರೊಳಗೆ ನಕ್ಷೆಯ ಒಂದು ಚೂರು ನದಿ,
ಬನ್ನಿನ ಸಕ್ಕರೆ,
ಕೆಲವೊಮ್ಮೆ ವೇಯ್ಕೊನ ಹೆಬ್ಬೆರಳು.